ಬೈಯದೆ ಕೆಲಸ ತೆಗೆಯೋಕಾಗುತ್ತಾ?

ಪ್ರಶ್ನೆ: ‘ಬೈಲಿಲ್ಲಂದ್ರ ಯಾರೂ ಕೆಲಸ ಮಾಡಲ್ಲ ರೀ. ಸಮಾಧಾನದಿಂದ ಹೇಳ್ರಿ ಅಂತೀರಲ್ಲ, ಹೊಲಿಗೆ ಲೈನ್ ನಡೆಸೋರು ನೀವಾ?’ (ಜೀನ್ಸ್ ಘಟಕದ ಸೂಪರ್‌ವೈಸರ್, ಬಳ್ಳಾರಿ)

ಗಂಗಾವತಿಯ ರೈಸ್ ಮಿಲ್‌ನವರೂ ರಾಯಚೂರಿನ ಹತ್ತಿ ಜಿನ್ನಿಂಗ್‌ನವರೂ ಇದನ್ನೇ ಕೇಳುತ್ತಾರೆ. ಕೊನೆಗೆ ಎಲ್ಲರದೂ ಒಂದೇ ಸಾಕ್ಷಿ: ‘ಮೊನ್ನೆ ಬೈದೆ, ನಿನ್ನೆ ಸರಿಹೋದ. ಕಣ್ಣಾರೆ ಕಂಡೀನಿ.’

ಕಂಡದ್ದು ನಿಜ, ಕಾರಣ ಸುಳ್ಳು. ಇನ್ನೊಂದು ಸಲ ಬಿಡಿಸಿ ಹೇಳುತ್ತೇನೆ, ಈ ಸಲವಾದರೂ ಪೂರ್ತಿ ಓದಿ.

ಒಬ್ಬ ಟೈಲರ್‌ನ ಕೈಯಲ್ಲಿ ದಿನಕ್ಕೆ ಸರಾಸರಿ 6 ಪೀಸ್ ಡ್ಯಾಮೇಜ್ ಆಗುತ್ತವೆ ಎಂದಿಟ್ಟುಕೊಳ್ಳಿ. ಒಂದು ದಿನ 4, ಒಂದು ದಿನ 8. ಯಾವತ್ತೋ ಒಮ್ಮೆ 14. ಅವತ್ತು ಸೂಜಿ ಮೊಂಡಾಗಿತ್ತು, ಕರೆಂಟ್ ನಾಲ್ಕು ಸಲ ಹೋಗಿ ಬಂತು, ಬಟ್ಟೆ ದಪ್ಪ, ಮಗುವಿಗೆ ಜ್ವರವೆಂದು ರಾತ್ರಿಯೆಲ್ಲ ನಿದ್ದೆಯಿಲ್ಲ. ಇಷ್ಟೂ ಒಂದೇ ದಿನ ಕೂಡಿಬರುವುದು ಅಪರೂಪ. ಹಾಗಾಗಿ ಮರುದಿನ ಅವನು ತಾನಾಗಿಯೇ 6–7ಕ್ಕೆ ಇಳಿಯುತ್ತಾನೆ. ನೀವು ಬೈದದ್ದು ಸರಿಯಾಗಿ ಆ 14ರ ದಿನ. ಇಳಿದ ಲೆಕ್ಕದ ಕೀರ್ತಿಯೆಲ್ಲ ನಿಮ್ಮ ಬಾಯಿಗೆ! ಹೊಗಳಿಕೆಗೆ ಇದೇ ಲೆಕ್ಕ ಉಲ್ಟಾ. ಬರೀ 2 ಡ್ಯಾಮೇಜ್ ಆದ ದಿನ ‘ಭೇಷ್’ ಅನ್ನುತ್ತೀರಿ, ಮರುದಿನ 6 ಆಗುತ್ತದೆ, ‘ನೋಡಿ, ಹೊಗಳಿದ್ದಕ್ಕೇ ತಲೆ ಮೇಲೆ ಕೂತ’ ಎನ್ನುತ್ತೀರಿ.

ಇದು ಬಳ್ಳಾರಿಯ ಭ್ರಮೆ ಮಾತ್ರವಲ್ಲ. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್‌ಗೆ ಇಸ್ರೇಲಿ ವಾಯುಪಡೆಯ ತರಬೇತುದಾರರೊಬ್ಬರು ಹೇಳಿದ್ದೂ ಇದನ್ನೇ: ಹೊಗಳಿದರೆ ಹುಡುಗರು ಕೆಡುತ್ತಾರೆ, ಗದರಿದರೆ ಸುಧಾರಿಸುತ್ತಾರೆ. ಕಾನೆಮನ್ ವಾದಕ್ಕಿಳಿಯಲಿಲ್ಲ. ತರಬೇತುದಾರರನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ, ಬೆನ್ನ ಹಿಂದಿನ ಗುರಿಗೆ ತಿರುಗಿ ನೋಡದೆ ಎರಡು ಸಲ ನಾಣ್ಯ ಎಸೆಸಿದರು. ಮೊದಲ ಎಸೆತ ಗುರಿಯ ಹತ್ತಿರ ಬಿದ್ದವರದು ಎರಡನೆಯದರಲ್ಲಿ ಹೆಚ್ಚಾಗಿ ದೂರ ಬಿತ್ತು, ದೂರ ಬಿದ್ದವರದು ಹತ್ತಿರ ಬಂತು. ಯಾರನ್ನೂ ಯಾರೂ ಬೈದಿರಲಿಲ್ಲ.

ನಂಬಿಕೆ ಬರದಿದ್ದರೆ ನೀವೇ ಪರೀಕ್ಷಿಸಿ. ನಾಲ್ಕು ವಾರ ಪ್ರತಿಯೊಬ್ಬರ ಡ್ಯಾಮೇಜ್ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಲೆಕ್ಕ ಕೆಟ್ಟ ದಿನ ಒಂದು ಸಲ ಬೈಯಿರಿ, ಮುಂದಿನ ಸಲ ಸುಮ್ಮನೆ ಸೂಜಿ ಬದಲಿಸಿ ಬನ್ನಿ. ಎರಡೂ ಬಗೆಯ ದಿನಗಳ ಮರುದಿನದ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಿ.

ಬೈಗುಳ ಪುಕ್ಕಟೆಯೂ ಅಲ್ಲ. ಪ್ಯಾಂಟಿನ ಬಾಟಮ್ (ಕಾಲಿನ ಕೆಳ ಅಂಚು) ಮಡಚುವಾಗ ಪಕ್ಕದ ಹೊಲಿಗೆ ಕೂಡುವ ದಪ್ಪ ಜಾಗದಲ್ಲಿ ಸೂಜಿ ಬಾಗಿ ಹೊಲಿಗೆ ತಪ್ಪುತ್ತದೆ. ಬೈಗುಳದ ಭಯ ಇಲ್ಲದವನು ‘ಅಣ್ಣ, ಇದು ತಪ್ಪೈತಿ’ ಎಂದು ಎತ್ತಿ ತೋರಿಸುತ್ತಾನೆ, ಬಿಚ್ಚಿ ಹೊಲಿದರೆ ಮುಗಿಯಿತು. ಭಯ ಇದ್ದವನು ಆ ಪೀಸನ್ನು ಬಂಡಲ್‌ನ ನಡುವೆ ತೂರಿಸುತ್ತಾನೆ. ವಾಷಿಂಗ್‌ನಲ್ಲಿ ಹೊಲಿಗೆ ಬಿಡುತ್ತದೆ. ಆಮೇಲೆ ಹೊಲಿದರೆ ಹೊಸ ದಾರದ ಬಣ್ಣ ಬೇರೆಯಾಗಿ ಎದ್ದು ಕಾಣುತ್ತದೆ, ಪೀಸ್ ಸೆಕೆಂಡ್ಸ್‌ಗೆ, ಅಂದರೆ ದೋಷವಿರುವ ಮಾಲಿಗೆ, ಹೋಗುತ್ತದೆ. ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು 1990ರ ದಶಕದಲ್ಲಿ ಅಧ್ಯಯನ ಮಾಡಿದ ಸಂಶೋಧಕಿ ಏಮಿ ಎಡ್ಮಂಡ್ಸನ್ ಕಂಡದ್ದೂ ಇಂಥದೇ: ಒಳ್ಳೆಯ ತಂಡಗಳಲ್ಲಿ ವರದಿಯಾದ ತಪ್ಪುಗಳು ಹೆಚ್ಚಿದ್ದವು. ಅಲ್ಲಿಯವರು ಹೆಚ್ಚು ತಪ್ಪು ಮಾಡುತ್ತಿದ್ದರೆಂದಲ್ಲ, ಬಾಯಿಬಿಟ್ಟು ಹೇಳುತ್ತಿದ್ದರು. ನಿಮ್ಮ ಲೈನಿನಲ್ಲಿ ‘ತಪ್ಪೇ ಇಲ್ಲ’ ಅಂದರೆ ಬಂಡಲ್ ಬಿಚ್ಚಿ ನೋಡಿ.

ಇನ್ನು ಬೈಯುವವರ ಲೆಕ್ಕ. ಅದೇ ಪುಸ್ತಕದ ಹಿಂದಿನ ಪುಟದಲ್ಲಿ, ನೀವು ದನಿ ಏರಿಸಿದಾಗಲೆಲ್ಲ ಎರಡೇ ವಿಷಯ ಬರೆಯಿರಿ: ಎಷ್ಟು ಗಂಟೆ, ಅದಕ್ಕೂ ಅರ್ಧ ಗಂಟೆ ಮುಂಚೆ ಏನಾಗಿತ್ತು. ಟೈಲರ್‌ನ ತಪ್ಪು ಬರೆಯಬೇಡಿ, ಅದು ಮುಂದಿನ ಪುಟದಲ್ಲಿದೆ. ಹದಿನೈದು ದಿನಕ್ಕೆ ಬಣ್ಣ ಬಯಲಾಗುತ್ತದೆ. ಊಟಕ್ಕೆ ಮುಂಚೆ, ಪಗಾರದ ಶನಿವಾರ, ಲೋಡ್ ಹೋಗುವ ದಿನ, ಸಾಹುಕಾರರ ಫೋನ್ ಬಂದ ಮೇಲೆ. ಅಂದರೆ ಸಾಹುಕಾರರು ನಿಮಗೆ ಕೊಟ್ಟದ್ದನ್ನು ನೀವು ಮೂರನೇ ಮಷೀನ್‌ನವನಿಗೆ ದಾಟಿಸುತ್ತಿದ್ದೀರಿ. ಅಂಥ ಫೋನ್ ಬಂದ ಮೇಲೆ ಹತ್ತು ನಿಮಿಷ ಲೈನಿಗೆ ಹೋಗಬೇಡಿ, ಸ್ಟೋರ್‌ಗೆ ಹೋಗಿ ದಾರದ ಕೋನ್ ಎಣಿಸಿ.

‘ಹಂಗಾದ್ರ ಸಿಟ್ಟು ನುಂಗಬೇಕೇನ್ರಿ?’ ಎಂದು ಯಾರೂ ಕೇಳಿಲ್ಲ, ಕೇಳಬೇಕಿತ್ತು. ಬೇಡ. ಭಾವನೆಯನ್ನು ಅದುಮಿ ಮುಖ ಬಿಗಿದು ಕೂತವರ ಎದುರು ಮಾತಾಡುತ್ತಿದ್ದವರ ರಕ್ತದೊತ್ತಡವೂ ಏರಿದ್ದು 2003ರ ಒಂದು ಪ್ರಯೋಗದಲ್ಲಿ ಕಂಡಿದೆ. ನುಂಗಿದ ಸಿಟ್ಟು ಎದುರಿನವರಿಗೂ ತಟ್ಟುತ್ತದೆ. ಬದಲಿಗೆ ಸಿಟ್ಟನ್ನು ವಿಷಯಕ್ಕೆ ಕಟ್ಟಿ ಹೇಳಿ: ‘ಈ ಬಂಡಲ್‌ನಾಗ ಐದು ಬಾಟಮ್ ತಪ್ಪ್ಯಾವ, ನನಗ ಸಿಟ್ಟು ಬಂದೈತಿ, ಸಂಜಿ ಆರಕ್ಕ ಲೋಡ್ ಐತಿ. ಏನು ಅಡಚಣಿ ಹೇಳು.’ ಮೆಲ್ಲಗೇ ಹೇಳಬೇಕಿಲ್ಲ, ಮಷೀನ್ ಸದ್ದಿನಲ್ಲಿ ಕೇಳುವಷ್ಟು ಜೋರಾಗಿಯೇ ಹೇಳಿ. ಅವನ ಮನೆತನ, ಊರು, ಜಾತಿ ಮಾತ್ರ ನಡುವೆ ಬರಬಾರದು. ಡ್ಯಾಮೇಜ್ ಪೀಸಿನ ಫೋಟೋವನ್ನು ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಗ್ರೂಪಿಗೆ ಹಾಕುವುದೂ ಬೈಗುಳವೇ, ‘ಮಾಹಿತಿಗಾಗಿ’ ಎಂದು ಬರೆದರೂ.

ಬಾಯಿ ಜಾರಿದ ದಿನ ತಪ್ಪೊಪ್ಪುವುದು ಹೇಗೆ? ಹತ್ತು ಜನರೆದುರು ಬೈದಿದ್ದರೆ ಆ ಹತ್ತು ಜನರೆದುರೇ ಹೇಳಿ, ಅದೇ ದಿನ, ಶಿಫ್ಟ್ ಮುಗಿಯುವ ಮುಂಚೆ. ‘ಸಾರಿ, ಆದ್ರ ನೀನೂ...’ ಎಂದು ಶುರು ಮಾಡುವುದಾದರೆ ಹೇಳಲೇಬೇಡಿ. ಚಹಾ ತರಿಸಿ ಸಮ ಮಾಡಿಕೊಳ್ಳಲೂ ಹೋಗಬೇಡಿ, ಚಹಾ ಹೆಂಗೂ ನಾಲ್ಕು ಗಂಟೆಗೆ ಬರುತ್ತದೆ.