ಜಾಸ್ತಿ ರಾಳ ಕೊಡುವ ಮರ ಯಾವುದು? ತಾಯಿಮರ ಹುಡುಕಿದ ಕಥೆ

ಅಕ್ಕಪಕ್ಕ ಎರಡು ಪೈನ್ ಮರ. ವಯಸ್ಸು ಒಂದೇ, ದಪ್ಪವೂ ಒಂದೇ. ಎರಡಕ್ಕೂ ಒಂದೇ ಅಳತೆಯ ಕಚ್ಚು ಹಾಕಿ ಕೆಳಗೆ ಬಟ್ಟಲು ಕಟ್ಟಿದರೂ, ಒಂದರಲ್ಲಿ ತಳ ಮುಚ್ಚುವಷ್ಟೇ ರಾಳ ಇರುತ್ತದೆ, ಇನ್ನೊಂದರಲ್ಲಿ ಅರ್ಧ ಬಟ್ಟಲು ತುಂಬಿರುತ್ತದೆ. ರಾಳ ಇಳಿಸುವ ಕೈಗಳಿಗೆ ಇದು ಹಳೆಯ ವಿಷಯ. ಆದರೆ ಆ ಎರಡನೇ ಮರದಿಂದ ಸಸಿ ಎಬ್ಬಿಸುವ ಕೆಲಸ ಶುರುವಾಗಿದ್ದು ಬಹಳ ತಡವಾಗಿ. ಅಷ್ಟರವರೆಗೆ ಒಳ್ಳೆಯ ಮರಕ್ಕೆ ಸಿಕ್ಕ ಬಹುಮಾನ ಅಂದರೆ ಇನ್ನಷ್ಟು ಕಚ್ಚು. ಗಾಯದ ಮೇಲೆ ರಾಳ ಮೆತ್ತಿದ ಕಾಂಡಕ್ಕೆ ಕಾಡಿನ ಬೆಂಕಿ ಬೇಗ ತಗಲುತ್ತದೆ. ಇದನ್ನು ಬರೆಯುವಾಗ ಸಂಕಟವಾಗುತ್ತದೆ.

ಅಮೆರಿಕದ ಆಗ್ನೇಯ ಭಾಗದ ಪೈನ್ ಕಾಡುಗಳ ರಾಳ ಮತ್ತು ಟಾರು ಮರದ ಹಡಗುಗಳ ಸಂದಿ ಮುಚ್ಚಲು ಹೋಗುತ್ತಿತ್ತು. ಆಮೇಲೆ ರಾಳ ಬಟ್ಟಿ ಇಳಿಸಿ ತೆಗೆಯುವ ಟರ್ಪೆಂಟೈನ್ ಎಣ್ಣೆ ದೊಡ್ಡ ಉದ್ಯಮವಾಯಿತು. ಅಲ್ಲಿನ ಫ್ಲಾರಿಡಾದ ಒಲಸ್ಟಿಯಲ್ಲಿ ಸರ್ಕಾರಿ ಅರಣ್ಯ ಸಂಶೋಧಕರು 1941ರ ಸುಮಾರಿಗೆ ಒಂದು ಹುಡುಕಾಟ ಶುರುಮಾಡಿದರು. ಸ್ಲ್ಯಾಶ್ ಪೈನ್ ಅನ್ನುವ ಜಾತಿಯ ಸಾವಿರಾರು ಮರಗಳ ನಡುವೆ, ನೆರೆಯ ಮರಗಳಿಗಿಂತ ಕನಿಷ್ಠ ಎರಡು ಪಟ್ಟು ರಾಳ ಕೊಡುವವನ್ನು ಆರಿಸಿದರು. ಕೊನೆಗೆ ಉಳಿದದ್ದು ಬೆರಳೆಣಿಕೆಯಷ್ಟು.

ಇಲ್ಲಿ 'ನೆರೆಯ' ಅನ್ನುವ ಮಾತು ತುಂಬಾ ಮುಖ್ಯ. ದಪ್ಪ ಕಾಂಡ, ಅಗಲ ನೆತ್ತಿ, ಒಳ್ಳೆ ಮಣ್ಣು, ಬಿಸಿಲು ಇವೆಲ್ಲ ರಾಳ ಹೆಚ್ಚಿಸುತ್ತವೆ. ಕಾಡಂಚಿನಲ್ಲಿ ಆರಾಮಾಗಿ ಬೆಳೆದ ಮರವನ್ನು ನೋಡಿ ಮೋಸಹೋಗುವುದು ಸುಲಭ. ಹಾಗಾಗಿ ಅದೇ ಜಾಗದ, ಅದೇ ಗಾತ್ರದ ಮರಗಳ ಜೊತೆಗೇ ತೂಗಿ ನೋಡಬೇಕು. ಒಂದೇ ದಿನ, ಒಂದೇ ಅಗಲದ ಗಾಯ. ಅದೂ ಒಂದು ಸಲ ಸಾಲದು, ಮತ್ತೆ ಮತ್ತೆ. ರಾಳನಾಳಗಳು ಎಷ್ಟಿವೆ, ಒಳಗಿನ ಒತ್ತಡ ಎಷ್ಟು, ರಾಳ ತೆಳುವಾಗಿ ಹರಿಯುತ್ತದೋ ಬೇಗ ಗಟ್ಟಿಯಾಗಿ ಗಾಯ ಮುಚ್ಚುತ್ತದೋ ಅನ್ನುವುದು ಹೊರಗಿನ ಅಂದದಿಂದ ತಿಳಿಯುವುದಿಲ್ಲ.

ಆರಿಸಿದ ಮರಗಳ ರೆಂಬೆಗೆ ಬೇರು ಬರಿಸಿದರು, ಕಸಿ ಕಟ್ಟಿದರು, ಪರಾಗ ಹಾಯಿಸಿ ಬೀಜ ಪಡೆದರು. ಆ ಬೀಜದ ಎಳೆ ಮರಗಳಿಗೆ ಪುಟ್ಟ ಕಚ್ಚು ಹಾಕಿ ಅಳೆದಾಗ ಗುಣ ಮಕ್ಕಳಿಗೂ ಇಳಿದಿತ್ತು. ಇಬ್ಬರು ಒಳ್ಳೆಯ ತಂದೆತಾಯಿಯ ಸಂತಾನ ಸಾಮಾನ್ಯ ಮರಗಳ ಸುಮಾರು ಎರಡು ಪಟ್ಟು ರಾಳ ಕೊಟ್ಟಿತು. ನನಗೆ ಈ ಇಡೀ ಕಥೆಯ ಜೀವಾಳ ಇದೇ ಅನ್ನಿಸುತ್ತದೆ. ಮರ ಎಷ್ಟೇ ರಾಳ ಸುರಿಸಲಿ, ಮಕ್ಕಳನ್ನು ಅಳೆಯುವ ತನಕ ಅದನ್ನು ಒಳ್ಳೆ ತಾಯಿ ಅನ್ನುವ ಹಾಗಿಲ್ಲ.

ಎಲ್ಲ ಮರಕ್ಕೂ ಇದೇ ದಾರಿ ನಡೆಯುವುದಿಲ್ಲ, ಅಲ್ವಾ? ಧೂಪಕ್ಕೆ ಬಳಸುವ ರಾಳ ಕೊಡುವ ರಾಳಧೂಪ ಅನ್ನುವ ಕಾಡುಮರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಚೆನ್ನಾಗಿ ರಾಳ ಕೊಡುವುದು ಗಂಡಾಗಿದ್ದರೆ ಅದರಿಂದ ಬೀಜವೇ ಸಿಗದು. ಆಗ ಕಸಿಕಡ್ಡಿಯೋ ಪರಾಗವೋ ಬೇಕು. ಇನ್ನೊಂದು ಎಚ್ಚರಿಕೆ: ನಾಲ್ಕೇ ನಾಲ್ಕು ಮರಗಳಿಂದ ಸುಮ್ನೆ ಕಸಿ ಮಾಡುತ್ತಾ ಹೋದರೆ ತೋಪೆಲ್ಲ ಒಂದೇ ರಕ್ತವಾಗುತ್ತದೆ. ಒಂದು ರೋಗ ಬಂದರೂ ಎಲ್ಲಕ್ಕೂ ಬರುತ್ತದೆ. ಅದಕ್ಕೇ ದೂರ ದೂರದ ಹತ್ತಾರು ತಾಯಿಮರ ಬೇಕು. ಗುರುತು ಮಾಡಿದ ಆ ಮರಗಳಿಗೆ ಅಳತೆ ಮುಗಿದ ಮೇಲೆ ದಯವಿಟ್ಟು ಕತ್ತಿ ಇಡಬೇಡಿ, ಗಾಯ ಮಾಯಲಿ, ಬೀಜ ಕಟ್ಟಲಿ.