ಅಣಬೆ ಕೇಳಿ ಬಂದ ಹುಡುಗ

ಶಿಡ್ಲಘಟ್ಟದ ಕಡೆಯ ಹುಡುಗ, ಬೆಂಗಳೂರಿನಲ್ಲಿ ಕೆಲಸ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಚಿಕ್ಕಬಳ್ಳಾಪುರದ ನನ್ನ ಕ್ಲಿನಿಕ್ಕಿನಲ್ಲಿ ಕುಳಿತವನೇ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿ, "ಸರ್, ಖಿನ್ನತೆಗೆ ಈ ಅಣಬೆ ಚಿಕಿತ್ಸೆ ನಿಮ್ಮಲ್ಲಿ ಇದೆಯೇ?" ಎಂದ. "ಅಣಬೆ ಸಾರು ನಾನೇ ಮಾಡಿ ಹಾಕುತ್ತಿದ್ದೆನಲ್ಲ" ಎಂದರು ಜೊತೆಗೆ ಬಂದಿದ್ದ ತಾಯಿ.

ಸಾರಿನ ಅಣಬೆ ಬೇರೆ, ಇದು ಬೇರೆ. ಇದರಲ್ಲಿರುವ ಸೈಲೊಸಿಬಿನ್ ಎಂಬ ರಾಸಾಯನಿಕ, ಮೆದುಳಿನಲ್ಲಿ ಸೆರೊಟೋನಿನ್ ಎಂಬ ಸಂದೇಶವಾಹಕವನ್ನು ಹಿಡಿಯುವ ಒಂದು ಬಗೆಯ ಗ್ರಾಹಕವನ್ನು ಕೆರಳಿಸಿ, ಕೆಲವು ಗಂಟೆಗಳ ತನಕ ಸಮಯ, ಸ್ಥಳ, 'ನಾನು' ಎಂಬ ಎಲ್ಲದರ ಅರಿವನ್ನೂ ಏರುಪೇರು ಮಾಡುತ್ತದೆ. 2022ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಔಷಧಕ್ಕೆ ಬಗ್ಗದ ಖಿನ್ನತೆಯ 233 ಜನರಿದ್ದರು. ಒಂದೇ ಸಲ 25 ಮಿಲಿಗ್ರಾಂ ಪಡೆದವರಲ್ಲಿ ಮೂರನೇ ವಾರಕ್ಕೆ ಶೇ 29ರಷ್ಟು ಮಂದಿಯ ಖಿನ್ನತೆ ಬಹುತೇಕ ಇಳಿದಿತ್ತು. ಹೋಲಿಕೆಗೆಂದು ಬರಿಯ 1 ಮಿಲಿಗ್ರಾಂ ಪಡೆದವರಲ್ಲಿ ಶೇ 8. ವಿಡಿಯೊ ಇಲ್ಲಿಗೆ ನಿಲ್ಲುತ್ತದೆ. ಹನ್ನೆರಡನೇ ವಾರದವರೆಗೆ ಸುಧಾರಣೆ ಉಳಿದದ್ದು 25 ಮಿಲಿಗ್ರಾಂ ಗುಂಪಿನ ಶೇ 20ರಷ್ಟು ಜನರಲ್ಲಿ ಮಾತ್ರ.

ಇನ್ನೊಂದು ಸಂಗತಿಯನ್ನೂ ವಿಡಿಯೊ ಹೇಳುವುದಿಲ್ಲ. ಆ ಪ್ರಯೋಗದಲ್ಲಿ ಔಷಧ ಕೊಡುವ ಮೊದಲು ಹಲವು ಸಲ ಮಾತುಕತೆ, ಕೊಟ್ಟ ದಿನ ಆರರಿಂದ ಎಂಟು ಗಂಟೆ ಪಕ್ಕದಲ್ಲೇ ತರಬೇತಿ ಪಡೆದವರು, ಆಮೇಲೆ ಮತ್ತೆ ಮಾತುಕತೆ. ಸಂತೆಯ ದಿನ ನನ್ನಲ್ಲಿ ಒಬ್ಬರಿಗೆ ಹತ್ತು ನಿಮಿಷ ಸಿಕ್ಕರೆ ಪುಣ್ಯ. ಆ ಜೊತೆಗಾರಿಕೆಯನ್ನು ಕಳೆದರೆ ಉಳಿಯುವುದು ಚಿಕಿತ್ಸೆಯಲ್ಲ, ಬರಿಯ ಅಮಲು ಎಂಬುದು ನನ್ನ ಅಭಿಪ್ರಾಯ.

ಆಸ್ಟ್ರೇಲಿಯಾದಲ್ಲಿ 2023ರ ಜುಲೈನಿಂದ ಅನುಮತಿ ಪಡೆದ ಮನೋವೈದ್ಯರು ಇದನ್ನು ಬರೆದುಕೊಡಬಹುದು. ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆಯಡಿ ಇದನ್ನು ಇಟ್ಟುಕೊಳ್ಳುವುದೂ ಅಪರಾಧ. ಇದಕ್ಕೆ ಹತ್ತಿರದ್ದು, ನಮ್ಮಲ್ಲಿ ಕಾನೂನಿನ ಒಳಗಿರುವುದು ಕೆಟಮಿನ್. ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆಗೆ ದಶಕಗಳಿಂದ ಬಳಸುತ್ತಿರುವ ಮದ್ದು. ಅದರ ಸಣ್ಣ ಪ್ರಮಾಣವನ್ನು ರಕ್ತನಾಳದ ಮೂಲಕ ನಿಧಾನವಾಗಿ ಕೊಟ್ಟರೆ ಗಂಟೆಗಳಲ್ಲಿ ಮನಸ್ಸು ಹಗುರಾಗಬಹುದು. ಆದರೆ ಒಂದು ಡೋಸಿನ ಪರಿಣಾಮ ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತದೆ. ರಕ್ತದೊತ್ತಡ ಏರುತ್ತದೆ, ಚಟದ ಭಯವೂ ಇದೆ. ಅದಕ್ಕೆ ಆಸ್ಪತ್ರೆಯೇ ಬೇಕು.

"ಖಿನ್ನತೆಯ ಮಾತ್ರೆ ಎಷ್ಟು ದಿನ ತೆಗೆದುಕೊಂಡೆ?" ಎಂದು ಹುಡುಗನನ್ನು ಕೇಳಿದೆ. ಹನ್ನೆರಡು ದಿನ. ಹೊಟ್ಟೆ ತೊಳಸಿತೆಂದು ಬಿಟ್ಟಿದ್ದ. ಎರಡು ಬೇರೆ ಬೇರೆ ಔಷಧಗಳನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ವಾರ ಕೊಟ್ಟೂ ಫಲವಿಲ್ಲದಿದ್ದರೆ ಮಾತ್ರ 'ಔಷಧಕ್ಕೆ ಬಗ್ಗದ' ಎನ್ನುತ್ತೇವೆ. ಇವನದು ಇನ್ನೂ ಶುರುವೇ ಆಗಿಲ್ಲ. ಅಷ್ಟರಲ್ಲಿ ತಾಯಿ ದನಿ ತಗ್ಗಿಸಿ, ಹಿರಿಯ ಮಗ ಸ್ಕಿಜೋಫ್ರೀನಿಯಾಕ್ಕೆ ಚಿಕಿತ್ಸೆಯಲ್ಲಿದ್ದಾನೆ ಎಂದರು. ಒಡಹುಟ್ಟಿದವರಿಗೆ ಭ್ರಮೆಗಳು ಕಾಡುವ ಆ ಕಾಯಿಲೆ ಇರುವವರನ್ನು ಅಣಬೆಯ ಪ್ರಯೋಗಗಳು ಸಾಮಾನ್ಯವಾಗಿ ಬಾಗಿಲಲ್ಲೇ ತಡೆಯುತ್ತವೆ. ಅಡಗಿರುವ ಮನೋವಿಕಾರ ಭುಗಿಲೇಳಬಹುದೆಂಬ ಭಯ. ಹುಡುಗ ಮೊಬೈಲನ್ನು ಜೇಬಿಗೆ ಇಳಿಸಿದ.

ಅದೇ ಮಾತ್ರೆಯನ್ನು ಅರ್ಧದಿಂದ ಶುರುಮಾಡಿ, ಊಟವಾದ ಮೇಲೆ ನುಂಗಲು ಬರೆದುಕೊಟ್ಟೆ. ಎರಡು ವಾರ ಬಿಟ್ಟು ಬಾ ಎಂದೆ. ವಾರದ ದಿನ ರಜೆ ಸಿಗದು, ಭಾನುವಾರ ಬರಬಹುದೇ ಎಂದ. ಬಾಗಿಲು ತೆರೆದಿರುತ್ತೇನೆ ಎಂದೆ.