ಈಜುಕೊಳ–ಸ್ಪಾ ವಾಲ್ವ್‌ಗಳ ವೈರಿಂಗ್: ಆ ಮೂರು ತಂತಿಗಳನ್ನು ಅರ್ಥ ಮಾಡಿಕೊಳ್ಳುವುದು

ನಂದಿ ಬೆಟ್ಟದ ತಪ್ಪಲಿನ ರೆಸಾರ್ಟ್‌ಗಳಲ್ಲಿ ಈಜುಕೊಳದ ಕೆಲಸಕ್ಕೆ ಇಳಿಯುವ ಹೊಸ ವೈರ್‌ಮನ್‌ಗಳಿಗಾಗಿ ಈ ಟಿಪ್ಪಣಿ. ಕೊಳಕ್ಕೂ ಸ್ಪಾಗೂ (ಬಿಸಿನೀರಿನ ಚಿಕ್ಕ ತೊಟ್ಟಿ) ಒಂದೇ ಪಂಪು, ಒಂದೇ ಹೀಟರ್ ಇದ್ದಾಗ ನೀರಿನ ದಾರಿಯನ್ನು ಎರಡು ವಾಲ್ವ್‌ಗಳು ಬದಲಿಸುತ್ತವೆ: ನೀರು ಹೀರುವ ಕಡೆ ಒಂದು, ಮರಳಿ ಬಿಡುವ ಕಡೆ ಇನ್ನೊಂದು. ಎರಡೂ ಒಟ್ಟಿಗೆ ತಿರುಗಲೇಬೇಕು. ಸ್ಪಾದಿಂದ ಹೀರಿ ಕೊಳಕ್ಕೆ ಬಿಟ್ಟರೆ ಸ್ಪಾ ಬರಿದಾಗುತ್ತದೆ. ಕೊಳದಿಂದ ಹೀರಿ ಸ್ಪಾಗೆ ಬಿಟ್ಟರೆ ಉಕ್ಕಿ ಹರಿಯುತ್ತದೆ.

ವಾಲ್ವ್ ತಿರುಗಿಸುವ ಆಕ್ಚುವೇಟರ್ ಸಾಮಾನ್ಯವಾಗಿ 24 ವೋಲ್ಟ್ ಎಸಿಯದು. ಅದರಿಂದ ಮೂರು ತಂತಿಗಳು ಹೊರಬರುತ್ತವೆ: ಒಂದು ಕಾಮನ್, ಅಂದರೆ ಎರಡೂ ದಿಕ್ಕಿಗೆ ಸಮಾನವಾದದ್ದು, ಉಳಿದೆರಡು ಒಂದೊಂದು ದಿಕ್ಕಿಗೆ. ಟ್ರಾನ್ಸ್‌ಫಾರ್ಮರಿನ 24 ವೋಲ್ಟ್ ಬದಿಯ ಒಂದು ತುದಿ ಆಕ್ಚುವೇಟರಿನ ಕಾಮನ್‌ಗೆ, ಇನ್ನೊಂದು ತುದಿ ರಿಲೇಯ (ನಿಯಂತ್ರಕ, ಅಂದರೆ ಕಂಟ್ರೋಲರ್, ಹೇಳಿದಂತೆ ಸಂಪರ್ಕ ಬದಲಿಸುವ ಸ್ವಿಚ್) ಕಾಮನ್‌ಗೆ ಹೋಗಬೇಕು. ಎರಡು ಕಾಮನ್‌ಗಳನ್ನೂ ಒಂದೇ ತುದಿಗೆ ಕಟ್ಟಿದರೆ ಏನೂ ತಿರುಗುವುದಿಲ್ಲ. ರಿಲೇ ಸುಮ್ಮನಿದ್ದಾಗ ಮುಚ್ಚಿರುವ, ಅಂದರೆ ಕೂಡಿರುವ, ಸಂಪರ್ಕವನ್ನು ಕೊಳದ ದಿಕ್ಕಿನ ತಂತಿಗೂ, ರಿಲೇ ಎಳೆದಾಗ ಮುಚ್ಚುವುದನ್ನು ಸ್ಪಾದ ದಿಕ್ಕಿಗೂ ಕೊಡಿ. ಹೀಗಿದ್ದರೆ ಸ್ಪಾ ನಡೆಯುವಾಗ ಕರೆಂಟು ಹೋಗಿ ಬಂದರೂ, ರಿಲೇ ಸುಮ್ಮನಿರುವಷ್ಟು ಕಾಲ ವಾಲ್ವ್ ಕೊಳದ ಕಡೆಗೇ ಮರಳುತ್ತದೆ.

ತಲೆಕೆಡಿಸುವುದು ಮುಂದಿನ ಹೆಜ್ಜೆ. ವಾಲ್ವ್ ನಿಂತಿದೆ, ಆದರೂ ಮಲ್ಟಿಮೀಟರ್ ಒಂದು ತಂತಿಯಲ್ಲಿ 24 ವೋಲ್ಟ್ ತೋರಿಸುತ್ತದೆ. ಮೋಟಾರು ಸುಟ್ಟಿದೆ ಎಂದು ತೀರ್ಮಾನಿಸಬೇಡಿ. ಒಳಗೆ ಪ್ರತಿ ದಿಕ್ಕಿಗೂ ಒಂದು ಚಿಕ್ಕ ಸ್ವಿಚ್ ಇದೆ. ವಾಲ್ವ್ ಕೊನೆ ಮುಟ್ಟಿದಾಗ ದಂಡಕ್ಕೆ ಕೂರಿಸಿದ ಕ್ಯಾಮ್ (ಉಬ್ಬಿರುವ ತುಂಡು) ಆ ದಿಕ್ಕಿನ ಸ್ವಿಚ್ಚನ್ನು ಬಿಡಿಸುತ್ತದೆ. ತಂತಿಯವರೆಗೆ ವೋಲ್ಟೇಜ್ ಬಂದಿರುತ್ತದೆ, ಮೋಟಾರಿಗೆ ತಲುಪಿರುವುದಿಲ್ಲ. ಎರಡು ತಂತಿಗಳಲ್ಲಿ ಯಾವುದಾದರೂ ಒಂದಕ್ಕೆ ಸದಾ ವೋಲ್ಟೇಜ್ ಇರುವುದೇ ಈ ಜೋಡಣೆಯ ಸಹಜ ಸ್ಥಿತಿ. ಪರೀಕ್ಷಿಸಬೇಕೆಂದರೆ ನಿಯಂತ್ರಕದಲ್ಲಿ ಕೊಳದಿಂದ ಸ್ಪಾಗೆ ಬದಲಿಸಿ ನೋಡಿ. ವೋಲ್ಟೇಜ್ ಇನ್ನೊಂದು ತಂತಿಗೆ ಹಾರಬೇಕು, ಮೋಟಾರು ತಿರುಗಬೇಕು. ವೋಲ್ಟೇಜ್ ಹಾರಿತು, ಮೋಟಾರು ತಿರುಗಲಿಲ್ಲ ಎಂದಾದರೆ ಮೊದಲು ಆಕ್ಚುವೇಟರಿನ ಮೇಲಿನ ಸ್ವಿಚ್ ನಡುವೆ, ಅಂದರೆ ಆಫ್‌ನಲ್ಲಿ, ನಿಂತಿದೆಯೇ ನೋಡಿ. ಆಮೇಲೆ ಆಕ್ಚುವೇಟರ್ ಬಿಚ್ಚಿ ವಾಲ್ವನ್ನು ಕೈಯಲ್ಲಿ ತಿರುಗಿಸಿ. ನಮ್ಮ ಕೊಳವೆಬಾವಿಗಳ ಗಡಸು ನೀರಿನ ಸುಣ್ಣ ಕಟ್ಟಿ ಅದು ಬಿಗಿದಿರಬಹುದು.

ಆಕ್ಚುವೇಟರಿನ ಮೇಲಿನ ಅದೇ ಸ್ವಿಚ್ಚಿನಿಂದ ಇನ್ನೊಂದು ಉಪಕಾರವಿದೆ, ನನಗೆ ಬಹಳ ಇಷ್ಟವಾದದ್ದು. ಎರಡರಲ್ಲಿ ಒಂದು ವಾಲ್ವ್ ಉಲ್ಟಾ ತಿರುಗಿದರೆ ತಂತಿ ಬಿಚ್ಚಬೇಕಿಲ್ಲ. ಸ್ವಿಚ್ಚನ್ನು ಎದುರು ತುದಿಗೆ ತಳ್ಳಿದರೆ ದಿಕ್ಕು ಬದಲಾಗುತ್ತದೆ. ಬೋರ್ಡಿನಲ್ಲಿ ಬಣ್ಣದ ಕ್ರಮವೂ ಕೆಡುವುದಿಲ್ಲ, ಮುಂದೆ ದುರಸ್ತಿಗೆ ಬರುವವರಿಗೆ ಗೊಂದಲವೂ ಇರುವುದಿಲ್ಲ.

ಇನ್ನು ಹೀಟರ್. ಗ್ಯಾಸ್ ಹೀಟರನ್ನು ಹೊರಗಿನಿಂದ ಆನ್–ಆಫ್ ಮಾಡುವ ಎರಡು ತಂತಿಯ ರಿಮೋಟ್ ಟರ್ಮಿನಲ್‌ಗೆ ಹೊರಗಿನ ವೋಲ್ಟೇಜ್ ಕೊಡಲೇಬಾರದು, 24 ಆದರೂ ಸರಿ, 230 ಆದರೂ ಸರಿ. ಅಲ್ಲಿ ಹೀಟರಿನದೇ ವೋಲ್ಟೇಜ್ ಇರುತ್ತದೆ. ನಿಯಂತ್ರಕದಲ್ಲಿ ಹೀಟರಿಗೆ ಮೀಸಲಾದ ರಿಲೇ ಅದನ್ನು ಬರಿಯ ಸ್ವಿಚ್ಚಿನಂತೆ ಕೂಡಿಸಿ ಬಿಡಿಸಿದರೆ ಸಾಕು. ಹೀಟರಿನ ಸ್ವಂತ ಥರ್ಮೋಸ್ಟಾಟ್ ನಿಯಂತ್ರಕದಲ್ಲಿ ಇಟ್ಟ ತಾಪಮಾನಕ್ಕಿಂತ ಮೇಲಿರಲಿ, ಸ್ಪಾ ನೀರು ಮಾತ್ರ 40 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಆಫ್ ಮಾಡುವಾಗ ಮೊದಲು ಹೀಟರ್, ಕೆಲವು ನಿಮಿಷಗಳ ನಂತರ ಪಂಪು. ಒಳಗೆ ಉಳಿದ ಕಾವನ್ನು ಹರಿಯುವ ನೀರು ಹೊತ್ತೊಯ್ಯಬೇಕು.

ಪಂಪಿನ ಸಾಲಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಸಾಲನ್ನು ತಾನೇ ಕಡಿಯುವ ಬ್ರೇಕರ್) ಕಡ್ಡಾಯವೆಂದೇ ತಿಳಿಯಿರಿ. 24 ಮತ್ತು 230 ವೋಲ್ಟಿನ ತಂತಿಗಳನ್ನು ಒಂದೇ ಪೈಪಿನಲ್ಲಿ ಎಳೆಯಬೇಡಿ.